ಅಲ್ಪಬಲದ ಉಮೇದುವಾರರೂ ಪ್ರತಿಷೇಧಮತವೂ

೧

ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನಲ್ಲಿ ಬಿಕ್ಕೋಡು ಎಂಬುದು ಒಂದು ಹೋಬಳಿಯ ಕೇಂದ್ರಸ್ಥಾನವಾಗಿರುತ್ತದೆ. ಕಾಫಿ ಮೆಣಸುಗಳ ತೋಟಗಳೂ ಬತ್ತದ ಗದ್ದೆಗಳೂ ಸುತ್ತುವರಿದಿರುವ ಈ ಊರಿನಲ್ಲಿ, ಕರ್ಣಾಟಕದ ಉಳಿದೆಡೆಗಳಲ್ಲಿರುವಂತೆಯೇ, ಚುನಾವಣೆಗಳು ಎರಡು ಬಗೆಯಾಗಿ ನಡೆಯುತ್ತವೆ. ಗ್ರಾಮಪಂಚಾಯತಿಯ ಚುನಾವಣೆಯಲ್ಲಿ ರಾಜಕೀಯ ಪಕ್ಷಗಳ ಚಿಹ್ನೆಗಳಿಗೆ ಅವಕಾಶವಿಲ್ಲ. ಆದುದರಿಂದ ಅಲ್ಲಿ ನಿಂತವರೆಲ್ಲರೂ ಶಾಸ್ತ್ರತಃ ಪಕ್ಷೇತರರೇ. ಠೇವಣಿಯ ಮೊತ್ತವು ಅತ್ಯಲ್ಪ. ಮತದಾರರು ಉಮೇದುವಾರನನ್ನು ಮುಖತಃ ಬಲ್ಲರು. ಅವನ ನಡೆನುಡಿಯೇ ಅವನ ಚಿಹ್ನೆ. ಆದರೆ ಅದೇ ಊರಿನ ಅದೇ ಮನುಷ್ಯನು ವಿಧಾನಸಭೆಗೋ ಲೋಕಸಭೆಗೋ ಸ್ಪರ್ಧಿಸಲು ಹೊರಟನೆಂದರೆ ಅವನ ಸ್ಥಾನವು ಬೇರೆಯಾಗುತ್ತದೆ. ಮತಪತ್ರದಲ್ಲಿ ಅವನ ಹೆಸರು ಕೆಳಗಿಳಿಯುತ್ತದೆ. ಫಲಿತಾಂಶದ ಪಟ್ಟಿಗಳಲ್ಲಿ ಅವನು ‘ಇತರರು’ ಎಂಬ ಒಂದು ಶಬ್ದದೊಳಗೆ ಅಡಗಿಹೋಗುತ್ತಾನೆ.

ಬೇಲೂರು, ಸಕಲೇಶಪುರ, ಆಲೂರು ತಾಲ್ಲೂಕುಗಳ ತೋಟಗಳಲ್ಲಿ ಕಾಡಾನೆಗಳ ಹಾವಳಿಯಿಂದ ಬೆಳೆಗೂ ಪ್ರಾಣಕ್ಕೂ ಆಗುತ್ತಿರುವ ಹಾನಿ ಲೋಕವಿದಿತವಾಗಿದೆ. ಇಂತಹ ಒಂದೇ ಸಂಕಟವನ್ನು ಹಿಡಿದು ನಿಲ್ಲುವ ಉಮೇದುವಾರನಿಗೆ ಗೆಲ್ಲುವ ಬಲವಿರಲಾರದು. ಹಾಗಾದರೆ ಅವನು ನಿಲ್ಲುವುದು ವ್ಯರ್ಥವೆ? ಅವನಿಗೆ ಮತ ಕೊಟ್ಟವನು ತನ್ನ ಮತವನ್ನು ನೀರಿಗೆ ಹಾಕಿದನೆ? ಅಂತಹವನ ಮುಂದೆ ರಾಜ್ಯವು ನಿಲ್ಲಿಸಿರುವ ಅಡ್ಡಗೋಡೆಗಳು ಯಾವ ಕಾಲದವು, ಯಾವ ಉದ್ದೇಶದವು, ಆ ಉದ್ದೇಶವನ್ನು ಅವು ಸಾಧಿಸಿವೆಯೆ? ಈ ಪ್ರಶ್ನೆಗಳನ್ನು ಇತಿಹಾಸದ ಆಧಾರದಿಂದ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶವಾಗಿದೆ.

೨

ಆರಿಸಲ್ಪಡುವವನಿಗೆ ಅರ್ಹತೆಯನ್ನು ವಿಧಿಸುವುದು ಹೊಸ ಪದ್ಧತಿಯೇನೂ ಅಲ್ಲ. ಬೌದ್ಧಸಂಘದಲ್ಲಿ ಭಿನ್ನಾಭಿಪ್ರಾಯವು ಉಂಟಾದಾಗ ಶಲಾಕೆಗಳೆಂಬ ಕಡ್ಡಿಗಳನ್ನು ಹಂಚಿ ಬಹುಮತವನ್ನು ತಿಳಿಯುತ್ತಿದ್ದ ಕ್ರಮವು ವಿನಯಪಿಟಕದ ಚುಲ್ಲವಗ್ಗದಲ್ಲಿ ಹೇಳಲ್ಪಟ್ಟಿದೆ. ಗುಪ್ತವಾಗಿ, ಕಿವಿಯಲ್ಲಿ ಉಸುರಿ, ಬಹಿರಂಗವಾಗಿ ಎಂದು ಶಲಾಕಾಗ್ರಹಣವು ಮೂರು ವಿಧ. ಅದರಲ್ಲಿ ಕಠಿನವಾದ ಅರ್ಹತೆಯನ್ನು ವಿಧಿಸಿದುದು ಕಡ್ಡಿಗಳನ್ನು ಹಂಚುವ ಅಧಿಕಾರಿಗೆ. ಅವನು ಪಕ್ಷಪಾತ, ದ್ವೇಷ, ಮೋಹ, ಭಯಗಳಿಗೆ ಒಳಗಾಗದವನೂ, ಯಾವ ಶಲಾಕೆ ಸ್ವೀಕೃತವಾಯಿತು ಯಾವುದು ಆಗಲಿಲ್ಲ ಎಂಬುದನ್ನು ಅರಿತವನೂ ಆಗಿರಬೇಕು. ಸೋಲುವ ಪಕ್ಷದವರ ಕಡ್ಡಿಯೂ ಎಣಿಕೆಗೆ ಬರುತ್ತಿತ್ತೆಂಬುದನ್ನು ಇಲ್ಲಿ ಗಮನಿಸಬೇಕು.

ತಮಿಳುನಾಡಿನ ಉತ್ತರಮೇರೂರಿನಲ್ಲಿರುವ ಚೋಳ ಪರಾಂತಕನ ಶಾಸನಗಳು ಇನ್ನೂ ಸ್ಪಷ್ಟವಾಗಿವೆ. ಕ್ರಿ. ಶ. ೯೧೯ ಮತ್ತು ೯೨೧ರ ಈ ಶಾಸನಗಳು ಗ್ರಾಮಸಭೆಯ ವಾರಿಯಗಳಿಗೆ, ಎಂದರೆ ಉಪಸಮಿತಿಗಳಿಗೆ, ಸದಸ್ಯರನ್ನು ಆರಿಸುವ ಬಗೆಯನ್ನು ವಿಧಿಸುತ್ತವೆ. ಓಲೆಗಳಲ್ಲಿ ಹೆಸರುಗಳನ್ನು ಬರೆದು ಕೊಡದಲ್ಲಿ ಹಾಕಿ ಬಾಲಕನೊಬ್ಬನಿಂದ ಎತ್ತಿಸುತ್ತಿದ್ದರು. ಹೆಸರು ಬರೆಯಿಸಿಕೊಳ್ಳುವವನಿಗೆ ತೆರಿಗೆ ಸಲ್ಲಿಸುವ ಕಾಲುವೇಲಿ ಭೂಮಿಯೂ ಸ್ವಂತ ನಿವೇಶನದಲ್ಲಿ ಮನೆಯೂ ಇರಬೇಕು. ವಯಸ್ಸು ಎರಡನೆಯ ಶಾಸನದಂತೆ ೩೫ಕ್ಕೆ ಕಡಮೆಯಾಗದೆ ೭೦ಕ್ಕೆ ಮೀರದೆ ಇರಬೇಕು. ಆದರೆ ಒಂದು ವೇದವನ್ನೂ ಒಂದು ಭಾಷ್ಯವನ್ನೂ ಅರಿತು ವ್ಯಾಖ್ಯಾನಿಸಬಲ್ಲವನಿಗೆ ಅದರರ್ಧದಷ್ಟು, ಎಂದರೆ ಅರೆಕಾಲುವೇಲಿ ಭೂಮಿಯಿದ್ದರೂ ಸಾಕೆಂದು ಅದೇ ಶಾಸನವು ಹೇಳುತ್ತದೆ. ಧನದ ಕೊರತೆಯನ್ನು ವಿದ್ಯೆಯು ತುಂಬಿಕೊಡುತ್ತಿದ್ದಿತು ಎಂಬುದೊಂದು ಸ್ವಾರಸ್ಯ. ಮತ್ತೊಂದು ಸ್ವಾರಸ್ಯವೆಂದರೆ, ಹಿಂದೆ ಅಧಿಕಾರದಲ್ಲಿದ್ದು ಲೆಕ್ಕ ಒಪ್ಪಿಸದವನೂ ಅವನ ಬಂಧುಗಳೂ ಕೊಡದೊಳಗೆ ಬರುವಂತಿರಲಿಲ್ಲ. ಈ ವ್ಯವಸ್ಥೆಯನ್ನು ಇಂದಿನ ಅರ್ಥದಲ್ಲಿ ಪ್ರಜಾಪ್ರಭುತ್ವವೆಂದು ಹೊಗಳುವುದು ಸಲ್ಲದು. ಅದು ಅಗ್ರಹಾರದ ಭೂಮಿವಂತರ ಸಭೆ, ಸ್ತ್ರೀಯರಿಗೂ ಇತರ ವರ್ಣದವರಿಗೂ ಅಲ್ಲಿ ಸ್ಥಾನವಿರಲಿಲ್ಲ. ಆದರೂ ಅದರ ಅಡ್ಡಗೋಡೆಯು ಮುಖ್ಯವಾಗಿ ಯಾರ ಕಡೆಗೆ ತಿರುಗಿತ್ತು ಎಂಬುದು ವಿಚಾರಣೀಯ. ಅಧಿಕಾರವನ್ನು ಅನುಭವಿಸಿ ಕೆಡಿಸಿದವನನ್ನು ಅದು ತಡೆಯುತ್ತಿದ್ದಿತು.

ಮೈಸೂರು ಸಂಸ್ಥಾನದಲ್ಲಿ ಇದರ ಚರಿತ್ರೆ ಬೇರೊಂದು ದಾರಿಯನ್ನು ಹಿಡಿಯಿತು. ಚಾಮರಾಜೇಂದ್ರ ಒಡೆಯರ ಕಾಲದಲ್ಲಿ ದಿವಾನ್ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯನ್ನು ಸ್ಥಾಪಿಸಿದರು. ೧೮೮೧ನೆಯ ಅಕ್ಟೋಬರ್ ೭ರಂದು ಅದರ ಮೊದಲ ಅಧಿವೇಶನವು ೧೪೪ ಮಂದಿ ಪ್ರತಿನಿಧಿಗಳಿಂದ ನಡೆಯಿತು. ಇವರು ರೈತರಲ್ಲಿಯೂ ವರ್ತಕರಲ್ಲಿಯೂ ಪ್ರಮುಖರಾದವರು; ಜನರ ಮತದಿಂದ ಬಂದವರಲ್ಲ. ಚುನಾವಣೆಯ ಕ್ರಮವು ೧೮೯೧ರಲ್ಲಿ, ಶೇಷಾದ್ರಿ ಅಯ್ಯರ್ ಅವರ ದಿವಾನಗಿರಿಯಲ್ಲಿ, ಆರಂಭವಾಯಿತು. ಆದರೆ ಮತ ಕೊಡುವ ಹಕ್ಕೂ ನಿಲ್ಲುವ ಹಕ್ಕೂ ಕಂದಾಯ ಮೊದಲಾದ ಆಸ್ತಿಯ ಅಳತೆಗಳಿಗೆ ಕಟ್ಟುಬಿದ್ದಿದ್ದುವು. ೧೯೨೩ರ ಶಾಸನದಿಂದ ಸಭೆಗೆ ಸ್ಥಿರವಾದ ಕಾನೂನಿನ ಆಧಾರವು ದೊರೆಯಿತು. ಸ್ತ್ರೀಯೆಂಬ ಕಾರಣದಿಂದ ಮತವನ್ನು ನಿರಾಕರಿಸುವ ಪದ್ಧತಿಯೂ ಆಗಲೇ ತೊಲಗಿತು. ಆಸ್ತಿಯ ಅಳತೆ ಮಾತ್ರ ಉಳಿಯಿತು. ಬಡವನಿಗೆ ಸಭೆಯಲ್ಲಿ ಮಾತೇ ಇಲ್ಲದಿದ್ದ ಆ ಕಾಲದಲ್ಲಿ ಅಲ್ಪಬಲದ ಉಮೇದುವಾರನೆಂಬ ಪ್ರಶ್ನೆಯೇ ಹುಟ್ಟುವಂತಿರಲಿಲ್ಲ.

೩

೧೯೫೦ರಲ್ಲಿ ಜಾರಿಗೆ ಬಂದ ಭಾರತ ಸಂವಿಧಾನವು ತನ್ನ ೩೨೬ನೆಯ ವಿಧಿಯಿಂದ ವಯಸ್ಕರೆಲ್ಲರಿಗೂ ಮತವನ್ನು ಕೊಟ್ಟು ಆಸ್ತಿಯ ಅಳತೆಯನ್ನು ಒಂದೇ ಏಟಿಗೆ ಕಿತ್ತೊಗೆಯಿತು. ಆದರೆ ಮತ ಕೊಡುವವನ ಬಾಗಿಲಿನಿಂದ ಹೊರಟ ಹಣವು ನಿಲ್ಲುವವನ ಬಾಗಿಲಿನಿಂದ ಒಳಹೊಕ್ಕಿತು. ೧೯೫೧ರ ಪ್ರಜಾಪ್ರಾತಿನಿಧ್ಯ ಅಧಿನಿಯಮವು ಲೋಕಸಭೆಗೆ ೫೦೦ ರೂಪಾಯಿ, ವಿಧಾನಸಭೆಗೆ ೨೫೦ ರೂಪಾಯಿ ಠೇವಣಿಯನ್ನು ವಿಧಿಸಿತು. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಇದರಲ್ಲಿ ಅರ್ಧ. ಸಿಂಧುವಾದ ಮತಗಳಲ್ಲಿ ಆರನೆಯ ಒಂದು ಪಾಲನ್ನು ಮೀರದ ಪರಾಜಿತನ ಹಣವು ಸರ್ಕಾರಕ್ಕೆ ಸೇರತಕ್ಕುದು. ಈ ಪದ್ಧತಿಯ ಮಾತೃಕೆಯು ಇಂಗ್ಲೆಂಡಿನ ೧೯೧೮ರ ಶಾಸನದಲ್ಲಿದೆ. ಅಲ್ಲಿ ೧೫೦ ಪೌಂಡುಗಳನ್ನು ಇಡಬೇಕಾಗಿತ್ತು. ಎಂಟನೆಯ ಒಂದು ಪಾಲು ಮತ ಬಾರದಿದ್ದರೆ ಅದು ಹೋಗುತ್ತಿತ್ತು. ಇಂಗ್ಲೆಂಡಿನವರು ೧೯೮೫ರಲ್ಲಿ ಠೇವಣಿಯನ್ನು ೫೦೦ ಪೌಂಡುಗಳಿಗೆ ಏರಿಸಿದರೂ, ಉಳಿಸಿಕೊಳ್ಳಲು ಬೇಕಾದ ಮತವನ್ನು ಇಪ್ಪತ್ತನೆಯ ಒಂದು ಪಾಲಿಗೆ ಇಳಿಸಿದರು. ಭಾರತದಲ್ಲಿ ಠೇವಣಿಯು ಏರಿತು, ಆರನೆಯ ಪಾಲು ಮಾತ್ರ ಕದಲಲಿಲ್ಲ.

ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಒಬ್ಬೊಬ್ಬ ಉಮೇದುವಾರನಿಗೂ ಒಂದೊಂದು ಪೆಟ್ಟಿಗೆಯನ್ನು ಇಟ್ಟು ಅದರ ಮೇಲೆ ಅವನ ಚಿಹ್ನೆಯನ್ನು ಅಂಟಿಸಿದ್ದರು. ಆ ಚುನಾವಣೆಯಲ್ಲಿ ಲೋಕಸಭೆಗೆ ೩೭ ಮಂದಿ ಪಕ್ಷೇತರರು ಗೆದ್ದರು. ೧೯೫೭ರಲ್ಲಿ ೪೨ ಮಂದಿ. ಮೈಸೂರು ವಿಧಾನಸಭೆಯ ೯೯ ಸ್ಥಾನಗಳಲ್ಲಿ ೭೪ನ್ನು ಕಾಂಗ್ರೆಸ್ಸು ಪಡೆದ ೧೯೫೨ರಲ್ಲಿಯೇ, ಕಾಗೋಡು ಸತ್ಯಾಗ್ರಹದ ಹಿನ್ನೆಲೆಯಲ್ಲಿ ಶಾಂತವೇರಿ ಗೋಪಾಲಗೌಡರು ಸಮಾಜವಾದಿ ಪಕ್ಷದಿಂದ ಸಾಗರ-ಹೊಸನಗರ ಕ್ಷೇತ್ರದಲ್ಲಿ ಆರಿಸಿಬಂದರು. ಜನರಿಂದ ಮತದೊಡನೆ ಕಿರಿದಾದ ಕಾಣಿಕೆಯನ್ನೂ ಬೇಡಿದ ಅವರ ‘ಒಂದು ವೋಟು, ಒಂದು ನೋಟು’ ಎಂಬ ಮಾತು ಮಲೆನಾಡಿನಲ್ಲಿ ಪ್ರಸಿದ್ಧವಾಗಿದೆ. ಹಣದ ಅಡ್ಡಗೋಡೆಯನ್ನು ಬಡ ಉಮೇದುವಾರನು ದಾಟುವ ಧರ್ಮ್ಯವಾದ ಮಾರ್ಗವು ಇದೇ ಸರಿ. ಮತದಾರನು ಹಣ ಪಡೆಯುವ ಬದಲು ಹಣ ಕೊಡುವವನಾದರೆ ಉಮೇದುವಾರನ ಮೇಲೆ ಅವನಿಗೆ ಹುಟ್ಟುವ ಅಧಿಕಾರವೇ ಬೇರೆ. ಗೌಡರು ೧೯೫೭ರಲ್ಲಿ ಸೋತು, ೧೯೬೨ ಮತ್ತು ೧೯೬೭ರಲ್ಲಿ ತೀರ್ಥಹಳ್ಳಿಯಿಂದ ಮರಳಿ ಗೆದ್ದರು. ಸೋತ ಮತಗಳು ಮುಂದಿನ ಗೆಲುವಿಗೆ ಬೀಜವಾಗಬಹುದೆಂಬುದಕ್ಕೆ ಇದು ಒಂದು ನಿದರ್ಶನವಾಗಿದೆ.

೪

ಈ ಚರಿತ್ರೆಯು ತಿರುವು ಪಡೆದುದು ೧೯೯೬ರಲ್ಲಿ, ಅದೂ ಕನ್ನಡನಾಡಿನ ಗಡಿಯಲ್ಲಿ. ಆ ವರ್ಷದ ಲೋಕಸಭಾ ಚುನಾವಣೆಯಲ್ಲಿ ಬೆಳಗಾವಿ ಕ್ಷೇತ್ರವೊಂದರಲ್ಲಿಯೇ ೪೫೬ ಮಂದಿ ಕಣದಲ್ಲಿದ್ದರು. ಗಡಿವಿವಾದದ ಕಡೆಗೆ ದೇಶದ ಗಮನವನ್ನು ಸೆಳೆಯಲು ಮಹಾರಾಷ್ಟ್ರ ಏಕೀಕರಣ ಸಮಿತಿಯ ಪಕ್ಷದವರು ಗುಂಪುಗುಂಪಾಗಿ ನಾಮಪತ್ರ ಸಲ್ಲಿಸಿದುದು ಇದಕ್ಕೆ ಕಾರಣ. ಅದೇ ಚುನಾವಣೆಯಲ್ಲಿ ಆಂಧ್ರಪ್ರದೇಶದ ನಲ್ಗೊಂಡದಲ್ಲಿ ೪೮೦ ಮಂದಿ ನಿಂತರು. ಫ್ಲೋರೈಡು ಬೆರೆತ ನೀರನ್ನು ಕುಡಿದು ಮೂಳೆ ಸವೆದ ಜನರ ಸಂಕಟವನ್ನು ತಿಳಿಸುವುದು ಅಲ್ಲಿಯವರ ಉದ್ದೇಶ. ತಮಿಳುನಾಡಿನ ಮೊಡಕುರಿಚಿ ವಿಧಾನಸಭಾ ಕ್ಷೇತ್ರದಲ್ಲಿ ರೈತರು ಮುಂದಾಗಿ, ಉಮೇದುವಾರರ ಸಂಖ್ಯೆ ೧೦೩೩ನ್ನು ಮುಟ್ಟಿತು. ಮತಪತ್ರವೆಂಬುದು ಅಲ್ಲಿ ಪುಸ್ತಕದ ಆಕಾರವನ್ನೇ ತಾಳಿತು.

ಬೆಳಗಾವಿಯ ಪ್ರಸಂಗದಲ್ಲಿ ಕನ್ನಡಿಗರಿಗೆ ಆ ಉಮೇದುವಾರರ ಬೇಡಿಕೆಯು ಅಸಮ್ಮತವಾದುದು. ಆದರೆ ಇತಿಹಾಸವನ್ನು ಬರೆಯುವವರು ಬೇಡಿಕೆಯನ್ನೂ ಬೇಡುವ ಬಗೆಯನ್ನೂ ಬೇರೆಬೇರೆಯಾಗಿ ತೂಗಬೇಕು. ಒಪ್ಪಿಗೆಯಿಲ್ಲದ ಮಾತನ್ನು ಆಡುವವನ ಹಕ್ಕನ್ನು ಕಾಯದವನು ಒಪ್ಪಿಗೆಯುಳ್ಳ ಮಾತಿನ ಹಕ್ಕನ್ನೂ ಕಾಯಲಾರನು. ನಲ್ಗೊಂಡದ ನೀರಿನ ಗೋಳಿಗೂ ಬೆಳಗಾವಿಯ ಗಡಿಯ ವಾದಕ್ಕೂ ಮುಂದೆ ಬಂದ ಶಾಸನವು ಒಂದೇ ಆಗಿದ್ದಿತೆಂಬುದು ಸ್ಮರಣೀಯ.

ಆ ಶಾಸನವು ೧೯೯೬ನೆಯ ಆಗಸ್ಟ್ ತಿಂಗಳಿನಿಂದಲೇ ಜಾರಿಗೆ ಬಂದಿತು. ಲೋಕಸಭೆಯ ಠೇವಣಿಯು ೫೦೦ರಿಂದ ೧೦,೦೦೦ ರೂಪಾಯಿಗೂ ವಿಧಾನಸಭೆಯದು ೨೫೦ರಿಂದ ೫,೦೦೦ ರೂಪಾಯಿಗೂ ಏರಿದುವು. ಎಂದರೆ ಇಪ್ಪತ್ತು ಮಡಿ. ಮಾನ್ಯತೆ ಪಡೆದ ಪಕ್ಷದ ಉಮೇದುವಾರನಿಗೆ ಒಬ್ಬ ಸೂಚಕನು ಸಾಕು. ಉಳಿದವರಿಗೆ ಹತ್ತು ಮಂದಿ ಬೇಕೆಂದಾಯಿತು. ಉಮೇದುವಾರಿಕೆಯನ್ನು ಹಿಂದಕ್ಕೆ ಪಡೆಯುವ ಕಡೆಯ ದಿನದಿಂದ ಮತದಾನದವರೆಗಿನ ಅವಧಿಯು ೨೦ ದಿನಗಳಿಂದ ೧೪ ದಿನಗಳಿಗೆ ಇಳಿಯಿತು. ೨೦೦೯ರ ತಿದ್ದುಪಡಿಯಿಂದ ಠೇವಣಿಯು ಮತ್ತೆ ಏರಿ ೨೫,೦೦೦ ಮತ್ತು ೧೦,೦೦೦ ರೂಪಾಯಿಗಳಾದುವು.

ಪರಿಣಾಮವು ಶೀಘ್ರವಾಗಿ ಕಾಣಿಸಿತು. ೧೯೯೬ರಲ್ಲಿ ದೇಶದಾದ್ಯಂತ ಲೋಕಸಭೆಗೆ ನಿಂತವರು ೧೩,೯೫೨ ಮಂದಿ. ೧೯೯೮ರಲ್ಲಿ ೪,೭೫೦ ಮಂದಿ. ಪಕ್ಷೇತರರ ಸಂಖ್ಯೆಯು ೧೦,೬೩೫ರಿಂದ ೧,೯೧೫ಕ್ಕೆ ಕುಸಿಯಿತು. ಶಾಸನವನ್ನು ಮಾಡಿದವರು ಇದನ್ನು ಸಾಫಲ್ಯವೆಂದು ಎಣಿಸಿದುದು ಸಹಜ. ಆದರೆ ೨೦೧೯ರಲ್ಲಿ ತೆಲಂಗಾಣದ ನಿಜಾಮಾಬಾದಿನಲ್ಲಿ ಏನಾಯಿತೆಂಬುದನ್ನು ನೋಡಬೇಕು. ಅಲ್ಲಿ ೧೮೫ ಮಂದಿ ಕಣದಲ್ಲಿದ್ದರು. ಬಹುಪಾಲು ಅರಿಸಿನ ಬೆಳೆಯುವ ರೈತರು. ಬೆಲೆ ಸಿಗದ ಬೆಳೆಯ ಗೋಳನ್ನು ತಿಳಿಸಲು ಅವರು ೨೫,೦೦೦ ರೂಪಾಯಿಗಳ ಠೇವಣಿಯನ್ನು ಇಟ್ಟೇ ನಿಂತರು. ಚುನಾವಣಾ ಆಯೋಗವು ಹೆಚ್ಚು ಹೆಸರುಗಳನ್ನು ಹಿಡಿಸುವ ಹೊಸ ಬಗೆಯ ಮತಯಂತ್ರಗಳನ್ನು ತರಿಸಬೇಕಾಯಿತು. ಇದರಿಂದ ಏರ್ಪಡುವ ನಿರ್ಣಯವು ಇಷ್ಟು: ಏರಿದ ಠೇವಣಿಯು ಸಂಘಟಿತವಾದ ಗುಂಪನ್ನು ತಡೆಯಲಾರದು, ಒಂಟಿಯಾದ ಬಡವನನ್ನು ಮಾತ್ರ ತಡೆಯುತ್ತದೆ. ಯಾರನ್ನು ಹೊರಗಿಡಲು ಬೇಲಿ ಹಾಕಿದರೋ ಅವರು ಅದನ್ನು ಹಾರಿ ಬಂದರು. ಬೇಲಿಯ ಹೊರಗೆ ಉಳಿದವನು ನಿರಪರಾಧಿ.

೫

ಹಣದ ಗೋಡೆಯು ಎಲ್ಲರ ಕಣ್ಣಿಗೂ ಬೀಳುತ್ತದೆ. ಅದಕ್ಕಿಂತ ಸೂಕ್ಷ್ಮವಾದ ಬೇರೆ ತಡೆಗಳೂ ಉಂಟು. ಅವುಗಳನ್ನು ಸಂಕ್ಷೇಪವಾಗಿ ಹೇಳಬಹುದು.

ಮೊದಲನೆಯದು ಚಿಹ್ನೆ. ೧೯೬೮ರ ಚಿಹ್ನೆಗಳ ಆದೇಶದಂತೆ ಮಾನ್ಯತೆ ಪಡೆದ ಪಕ್ಷದ ಚಿಹ್ನೆಯು ಅದಕ್ಕೇ ಮೀಸಲು. ದಶಕಗಟ್ಟಳೆ ಗೋಡೆಗೋಡೆಗಳ ಮೇಲೆ ಜನರ ಕಣ್ಣಿಗೆ ಬಿದ್ದು ಪಳಗಿದುದು. ಪಕ್ಷೇತರನಿಗಾದರೋ ಕಣದಲ್ಲಿ ಉಳಿದವರ ಪಟ್ಟಿ ಸಿದ್ಧವಾದ ಮೇಲೆ ಉಳಿದ ಚಿಹ್ನೆಗಳಲ್ಲೊಂದು ದೊರೆಯುತ್ತದೆ. ಹೊಲಿಗೆಯ ಯಂತ್ರವೋ ಗ್ಯಾಸಿನ ಸಿಲಿಂಡರೋ ತನ್ನ ಗುರುತೆಂದು ಲಕ್ಷಾಂತರ ಜನರಿಗೆ ತಿಳಿಸಲು ಅವನಿಗಿರುವುದು ಎರಡೇ ವಾರಗಳ ಕಾಲ.

ಎರಡನೆಯದು ಸ್ಥಾನ. ಮತಪತ್ರದಲ್ಲಿ ಮಾನ್ಯ ಪಕ್ಷಗಳವರ ಹೆಸರುಗಳು ಮೊದಲು, ಮಾನ್ಯತೆಯಿಲ್ಲದ ನೋಂದಾಯಿತ ಪಕ್ಷಗಳವರದು ಅನಂತರ, ಪಕ್ಷೇತರರದು ಕಟ್ಟಕಡೆಗೆ. ಅಕಾರಾದಿಯು ಆಯಾ ವರ್ಗದೊಳಗೆ ಮಾತ್ರ ಸಲ್ಲುತ್ತದೆ.

ಮೂರನೆಯದು ವೆಚ್ಚ. ೨೦೨೨ರಿಂದ ದೊಡ್ಡ ರಾಜ್ಯಗಳಲ್ಲಿ ಲೋಕಸಭೆಯ ಉಮೇದುವಾರನು ೯೫ ಲಕ್ಷ ರೂಪಾಯಿಗಳನ್ನೂ ವಿಧಾನಸಭೆಯವನು ೪೦ ಲಕ್ಷ ರೂಪಾಯಿಗಳನ್ನೂ ಮೀರಿ ಖರ್ಚು ಮಾಡಕೂಡದು. ಆದರೆ ಪಕ್ಷವು ತಾನಾಗಿ ಮಾಡುವ ವೆಚ್ಚಕ್ಕೆ ಮಿತಿಯಿಲ್ಲ. ಮಾನ್ಯ ಪಕ್ಷದ ೪೦ ಮಂದಿ ತಾರಾಪ್ರಚಾರಕರ ಪ್ರಯಾಣದ ಖರ್ಚು ಉಮೇದುವಾರನ ಲೆಕ್ಕಕ್ಕೆ ಬಾರದು. ಪಕ್ಷವಿಲ್ಲದವನಿಗೆ ಈ ಅನುಕೂಲವಿಲ್ಲ. ಮಿತಿಯೆಂಬುದು ಸಮತೆಯ ವೇಷವನ್ನು ತೊಟ್ಟ ಅಸಮತೆಯಾಗಿ ಪರಿಣಮಿಸಿದೆ.

ನಾಲ್ಕನೆಯದು ಎಲ್ಲಕ್ಕಿಂತ ವಿಚಿತ್ರವಾದುದು. ಮತದಾನಕ್ಕೆ ಮುಂಚೆ ಮಾನ್ಯ ಪಕ್ಷದ ಉಮೇದುವಾರನು ಮೃತನಾದರೆ ಮತದಾನವನ್ನು ಮುಂದೂಡಿ, ಆ ಪಕ್ಷಕ್ಕೆ ಬೇರೊಬ್ಬನನ್ನು ನಿಲ್ಲಿಸಲು ಅವಕಾಶ ಕೊಡುತ್ತಾರೆ. ಪಕ್ಷೇತರನು ಮೃತನಾದರೆ ಚುನಾವಣೆಯು ನಿಲ್ಲದೆ ನಡೆಯುತ್ತದೆ. ಪಕ್ಷೇತರರ ಮರಣದ ನೆಪದಿಂದ ಚುನಾವಣೆಗಳು ಕೆಡಬಾರದೆಂಬ ನ್ಯಾಯವಾದ ಕಾರಣವು ಇದಕ್ಕುಂಟು. ಆದರೂ ಮರಣದಲ್ಲಿಯೂ ಉಳಿದ ಈ ಭೇದವು ಶಾಸನದ ದೃಷ್ಟಿಯನ್ನು ತೋರಿಸಿಕೊಡುತ್ತದೆ.

೬

ಇಲ್ಲಿ ಪೂರ್ವಪಕ್ಷವನ್ನು ಸರಿಯಾಗಿ ಹೇಳಬೇಕು. ಸಣ್ಣ ಉಮೇದುವಾರರೆಲ್ಲರೂ ಪ್ರಾಮಾಣಿಕರಲ್ಲ. ಪ್ರಬಲನಾದವನ ಹೆಸರಿನವನನ್ನೇ ಹುಡುಕಿ ನಿಲ್ಲಿಸಿ ಮತದಾರರನ್ನು ದಾರಿತಪ್ಪಿಸುವುದುಂಟು. ಮತಗಳನ್ನು ಒಡೆಯಲೆಂದೇ ನಿಲ್ಲುವವರುಂಟು. ಹಣ ಪಡೆದು ಹಿಂದೆಗೆಯಲು ನಿಲ್ಲುವವರೂ ಉಂಟು. ಚುನಾವಣೆಯು ಸಾರ್ವಜನಿಕರ ಹಣದಿಂದ ನಡೆಯತಕ್ಕುದು. ಆದುದರಿಂದಲೇ ಭಾರತದ ಕಾನೂನು ಆಯೋಗವು ತನ್ನ ೧೯೯೯ರ ೧೭೦ನೆಯ ವರದಿಯಲ್ಲಿಯೂ ೨೦೧೫ರ ೨೫೫ನೆಯ ವರದಿಯಲ್ಲಿಯೂ ಪಕ್ಷೇತರರು ಸ್ಪರ್ಧಿಸುವುದನ್ನೇ ತಡೆಯಬೇಕೆಂದು ಸಲಹೆ ಮಾಡಿತು. ಇದಲ್ಲದೆ, ಒಂದೊಂದು ಮತವೂ ಗೆಲುವು ಸೋಲುಗಳನ್ನು ನಿರ್ಣಯಿಸಬಹುದಾದಾಗ ಗೆಲ್ಲಲಾರದವನಿಗೆ ಮತ ಕೊಡುವುದು ಅವಿವೇಕವೆಂಬ ವಾದವೂ ಉಂಟು. ೨೦೦೪ರಲ್ಲಿ ಕರ್ಣಾಟಕದ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ ಅವರಿಗೆ ೪೦,೭೫೨ ಮತಗಳೂ ಎ. ಆರ್. ಕೃಷ್ಣಮೂರ್ತಿ ಅವರಿಗೆ ೪೦,೭೫೧ ಮತಗಳೂ ಬಂದುವು. ಒಂದೇ ಮತದ ಅಂತರ.

ಈ ಪೂರ್ವಪಕ್ಷಕ್ಕೆ ಸಮಾಧಾನವು ಹೀಗೆ. ಕಪಟವು ದೊಡ್ಡ ಪಕ್ಷಗಳ ಹಣದಿಂದಲೇ ಹೆಚ್ಚಾಗಿ ಪೋಷಿತವಾಗುತ್ತದೆ; ಸಮಾನನಾಮಕನನ್ನು ನಿಲ್ಲಿಸುವವನಿಗೆ ೧೦,೦೦೦ ರೂಪಾಯಿಯ ಠೇವಣಿಯು ಭಾರವಾಗದು. ಆದುದರಿಂದ ಹಣವನ್ನು ಅಳತೆಗೋಲಾಗಿ ಮಾಡಿಕೊಂಡ ನಿಯಮವು ಕಪಟಿಯನ್ನೂ ಪ್ರಾಮಾಣಿಕನನ್ನೂ ವಿವೇಚಿಸಲಾರದು. ಜನರ ಬೆಂಬಲವನ್ನು ಅಳೆಯಬೇಕಾದಲ್ಲಿ ಜನರನ್ನೇ ಕೇಳುವುದು ಯುಕ್ತ. ಐರ್ಲೆಂಡಿನ ಉಚ್ಚ ನ್ಯಾಯಾಲಯವು ೨೦೦೧ರಲ್ಲಿಯೂ ಕೆನಡಾದ ಆಲ್ಬರ್ಟಾ ಪ್ರಾಂತದ ನ್ಯಾಯಾಲಯವು ೨೦೧೭ರಲ್ಲಿಯೂ ಠೇವಣಿಯ ನಿಯಮವನ್ನು ಸಂವಿಧಾನಕ್ಕೆ ವಿರುದ್ಧವೆಂದು ತೀರ್ಮಾನಿಸಿದುವು. ಐರ್ಲೆಂಡಿನಲ್ಲಿ ಈಗ ಪಕ್ಷೇತರನು ಠೇವಣಿಯನ್ನು ಇಡಬಹುದು, ಇಲ್ಲವೆ ತನ್ನ ಕ್ಷೇತ್ರದ ೩೦ ಮಂದಿ ಮತದಾರರ ಅನುಮೋದನೆಯನ್ನು ತರಬಹುದು. ಉತ್ತರಮೇರೂರಿನವರು ಭೂಮಿಯ ಕೊರತೆಗೆ ವಿದ್ಯೆಯನ್ನು ಪರಿಹಾರವಾಗಿ ಒಪ್ಪಿದಂತೆ, ಹಣದ ಕೊರತೆಗೆ ನೆರೆಹೊರೆಯವರ ವಿಶ್ವಾಸವನ್ನು ಪರಿಹಾರವಾಗಿ ಒಪ್ಪುವುದರಲ್ಲಿ ಅಸಾಧ್ಯವೇನೂ ಇಲ್ಲ.

ಸಂತೇಮರಹಳ್ಳಿಯ ದೃಷ್ಟಾಂತವಾದರೋ ಎರಡು ಅಂಚಿನ ಕತ್ತಿಯಾಗಿರುತ್ತದೆ. ಒಂದು ಮತಕ್ಕೆ ಅಷ್ಟು ಬೆಲೆಯಿದ್ದರೆ, ಆ ಮತವನ್ನು ತಮ್ಮ ಕಡೆಗೆ ಸೆಳೆದುಕೊಳ್ಳಲು ಪ್ರಬಲರು ಏನನ್ನಾದರೂ ಕೊಡಬೇಕಾಗುತ್ತದೆ. ಸಣ್ಣ ಉಮೇದುವಾರನ ಸಾವಿರ ಮತಗಳು ಯಾವ ಸಂಕಟಕ್ಕಾಗಿ ಬಂದುವೋ ಆ ಸಂಕಟವನ್ನು ಮುಂದಿನ ಬಾರಿ ಪ್ರಬಲರಲ್ಲೊಬ್ಬನು ಎತ್ತಿಕೊಳ್ಳದೆ ಇರಲಾರನು.

೭

ಇನ್ನು ಪ್ರತಿಷೇಧಮತದ ಸ್ವರೂಪವನ್ನು ವಿಚಾರಮಾಡಬೇಕು. ೨೦೧೩ರ ಸೆಪ್ಟೆಂಬರ್ ೨೭ರಂದು ಸರ್ವೋಚ್ಚ ನ್ಯಾಯಾಲಯವು ‘ಮೇಲಿನವರಲ್ಲಿ ಯಾರೂ ಅಲ್ಲ’ ಎಂಬ ಗುಂಡಿಯನ್ನು ಮತಯಂತ್ರದಲ್ಲಿ ಇಡುವಂತೆ ಆಜ್ಞಾಪಿಸಿತು. ಇದನ್ನೇ ಜನರು ನೋಟಾ ಎಂದು ಕರೆಯುತ್ತಾರೆ. ಅದಕ್ಕೆ ಮುಂಚೆ ೧೯೬೧ರ ನಿಯಮಗಳಂತೆ ಮತ ಕೊಡಲೊಲ್ಲದವನು ಅಧಿಕಾರಿಯ ಮುಂದೆ ಹೇಳಿ ಪುಸ್ತಕದಲ್ಲಿ ರುಜು ಹಾಕಬೇಕಾಗಿತ್ತು. ನಿರಾಕರಣೆಯ ಗೋಪ್ಯವು ಕಾಪಾಡಲ್ಪಡುತ್ತಿರಲಿಲ್ಲ. ಶಲಾಕೆಯನ್ನು ಗುಪ್ತವಾಗಿ ಕೊಡುವ ಹಕ್ಕು ಒಲ್ಲೆನೆನ್ನುವವನಿಗೂ ಉಂಟೆಂದು ನ್ಯಾಯಾಲಯವು ಹೇಳಿದಂತಾಯಿತು.

ಶಾಸ್ತ್ರಕಾರರು ನಿಷೇಧವನ್ನು ಎರಡಾಗಿ ವಿಂಗಡಿಸಿರುವರು. ನಕಾರವು ಕ್ರಿಯೆಯೊಡನೆ ಅನ್ವಯಿಸಿದರೆ ಅದು ಪ್ರಸಜ್ಯಪ್ರತಿಷೇಧ. ನಾಮದೊಡನೆ ಅನ್ವಯಿಸಿದರೆ ಪರ್ಯುದಾಸ. ‘ಕುದುರೆಯನ್ನು ತರಬೇಡ’ ಎಂದರೆ ತರುವ ಕ್ರಿಯೆಯೇ ನಿಂತಿತು, ಅಲ್ಲಿಗೆ ಮುಗಿಯಿತು. ‘ಕುದುರೆಯಲ್ಲದುದನ್ನು ತಾ’ ಎಂದರೆ ಕುದುರೆಯು ನಿರಾಕೃತವಾದರೂ ಬೇರೊಂದು ಬರಬ‌ೇಕೆಂಬ ವಿಧಿಯು ಉಳಿಯುತ್ತದೆ. ಉದಯಿಸುವ ಸೂರ್ಯನನ್ನು ನೋಡಬಾರದೆಂಬ ಸ್ನಾತಕನ ನಿಯಮವನ್ನು ಮೀಮಾಂಸಕರು ಪರ್ಯುದಾಸವೆಂದು ಗ್ರಹಿಸಿ, ಅದು ಬರಿಯ ನಿಷೇಧವಲ್ಲ, ನೋಡದಿರುವ ಸಂಕಲ್ಪವನ್ನು ಕೈಕೊಳ್ಳುವ ವ್ರತವೆಂದು ನಿರ್ಣಯಿಸಿದರು.

ಈ ವಿಭಾಗವು ಪ್ರಕೃತ ವಿಷಯಕ್ಕೆ ಚೆನ್ನಾಗಿ ಹೊಂದುತ್ತದೆ. ನೋಟಾ ಎಂಬುದು ಪ್ರಸಜ್ಯಪ್ರತಿಷೇಧ. ಅದು ಇವರೊಬ್ಬರೂ ಬೇಡವೆಂದು ಹೇಳಿ ಸುಮ್ಮನಾಗುತ್ತದೆ. ಏತಕ್ಕೆ ಬೇಡ, ಏನು ಬೇಕು ಎಂಬುದನ್ನು ಹೇಳಲು ಅದಕ್ಕೆ ಬಾಯಿಯಿಲ್ಲ. ಅದಕ್ಕೆ ಎಷ್ಟೇ ಹೆಚ್ಚು ಮತ ಬಂದರೂ ಲೋಕಸಭೆ ವಿಧಾನಸಭೆಗಳ ಚುನಾವಣೆಯಲ್ಲಿ ಉಳಿದವರಲ್ಲಿ ಮುಂದಿರುವವನೇ ಗೆದ್ದವನು. ಅಲ್ಪಬಲದ ಉಮೇದುವಾರನಿಗೆ ಕೊಟ್ಟ ಮತವು ಪರ್ಯುದಾಸ. ಅದು ಪ್ರಬಲರನ್ನು ನಿರಾಕರಿಸುವುದರ ಜೊತೆಗೆ ಒಂದು ಹೆಸರನ್ನೂ ಒಂದು ಕಾರಣವನ್ನೂ ಮುಂದಿಡುತ್ತದೆ.

ಕನ್ನಡ ಸಾಹಿತ್ಯದ ಅಭ್ಯಾಸಿಗಳಿಗೆ ಇದರ ಉದಾಹರಣೆಯು ಹತ್ತಿರದಲ್ಲಿಯೇ ಇದೆ. ೧೯೮೯ರ ಲೋಕಸಭಾ ಚುನಾವಣೆಯಲ್ಲಿ ಕೋಟ ಶಿವರಾಮ ಕಾರಂತರು ಉತ್ತರ ಕನ್ನಡದಿಂದ ನಿಂತರು. ಆಗ ಅವರಿಗೆ ೮೭ ವರ್ಷ. ಜ್ಞಾನಪೀಠ ಪ್ರಶಸ್ತಿಯು ಬಂದು ಹನ್ನೆರಡು ವರ್ಷಗಳಾಗಿದ್ದುವು. ಕೈಗಾದಲ್ಲಿ ಕಾಳೀನದಿಯ ದಡದ ಕಾಡಿನ ನಡುವೆ ಅಣುವಿದ್ಯುತ್ ಸ್ಥಾವರವನ್ನು ಕಟ್ಟುವುದನ್ನು ಅವರು ವಿರೋಧಿಸುತ್ತಿದ್ದರು. ಚುನಾವಣೆಯಲ್ಲಿ ಅವರು ಸೋತರು. ಸ್ಥಾವರವೂ ನಿಲ್ಲಲಿಲ್ಲ, ಅದರ ಮೊದಲೆರಡು ಘಟಕಗಳು ೨೦೦೦ದಲ್ಲಿ ಕೆಲಸವನ್ನು ಆರಂಭಿಸಿದುವು. ಆದರೆ ೧೯೯೪ರ ಮೇ ತಿಂಗಳಿನಲ್ಲಿ ಕಟ್ಟುತ್ತಿದ್ದ ಸ್ಥಾವರದ ಒಳಗುಮ್ಮಟದ ಭಾಗವು ಕುಸಿದುಬಿದ್ದಾಗ, ಸುರಕ್ಷತೆಯ ಪ್ರಶ್ನೆಯನ್ನು ಹೊಸದಾಗಿ ಹುಟ್ಟಿಸಬೇಕಾದ ಅಗತ್ಯವು ಯಾರಿಗೂ ಇರಲಿಲ್ಲ. ಅದು ಐದು ವರ್ಷಗಳ ಹಿಂದೆಯೇ ಮತಪತ್ರದ ಮೂಲಕ ಮನೆಮನೆಗೆ ಹೋಗಿದ್ದಿತು. ಅಂದು ಕಾರಂತರಿಗೆ ಬಿದ್ದ ಮತಗಳ ಸ್ಥಾನದಲ್ಲಿ ಅಷ್ಟೇ ಸಂಖ್ಯೆಯ ನೋಟಾ ಮತಗಳಿದ್ದಿದ್ದರೆ, ಅವು ಅಣುಸ್ಥಾವರದ ವಿಷಯವಾದುವೆಂದು ಯಾರು ಊಹಿಸಬಹುದಾಗಿದ್ದಿತು?

‘ಹೊಟ್ಟೆ ಪಕ್ಷ’ದ ರಂಗಸ್ವಾಮಿಯವರ ಸಂಗತಿಯೂ ಇಲ್ಲಿ ಸ್ಮರಣೀಯವಾಗಿದೆ. ೨೦೦೭ರಲ್ಲಿ ನಿಧನರಾದ ಅವರು ೮೬ ಚುನಾವಣೆಗಳಲ್ಲಿ ನಿಂತು ಎಲ್ಲದರಲ್ಲಿಯೂ ಸೋತು ಗಿನ್ನೆಸ್ ದಾಖಲೆಗೆ ಸೇರಿದರು. ಜನರು ನಕ್ಕರು. ಆದರೆ ಪಕ್ಷಕ್ಕೆ ಅವರು ಇಟ್ಟ ಹೆಸರನ್ನು ವಿಚಾರಮಾಡಿದರೆ ನಗೆಯೊಳಗಿನ ಕಹಿಯು ತಿಳಿಯುತ್ತದೆ. ಹಸಿವೆಂಬ ಶಬ್ದವನ್ನು ಒಬ್ಬ ಮನುಷ್ಯನು ೮೬ ಸಲ ಮತಪತ್ರದ ಮೇಲೆ ಬರೆಯಿಸಿದನೆಂದು ತಿಳಿಯಬೇಕು.

೮

ನೋಟಾ ಬಂದ ಮೇಲೆ ಸಣ್ಣ ಉಮೇದುವಾರರ ಅಗತ್ಯವು ತೀರಿತೆಂದು ಕೆಲವರು ಎಣಿಸುವರು. ೨೦೨೪ರ ಲೋಕಸಭಾ ಚುನಾವಣೆಯ ಎರಡು ಪ್ರಸಂಗಗಳು ಈ ಎಣಿಕೆಯನ್ನು ಸುಳ್ಳುಮಾಡುತ್ತವೆ.

ಮಧ್ಯಪ್ರದೇಶದ ಇಂದೂರಿನಲ್ಲಿ ಕಾಂಗ್ರೆಸ್ಸಿನ ಉಮೇದುವಾರನು ಕಡೆಯ ಗಳಿಗೆಯಲ್ಲಿ ಹಿಂದೆಗೆದನು. ಆದರೂ ಸಣ್ಣ ಪಕ್ಷಗಳವರೂ ಪಕ್ಷೇತರರೂ ಕಣದಲ್ಲಿ ಉಳಿದುದರಿಂದ ಮತದಾನವು ನಡೆಯಿತು. ನೋಟಾಕ್ಕೆ ೨,೧೮,೬೭೪ ಮತಗಳು ಬಂದು ಅದು ಎರಡನೆಯ ಸ್ಥಾನವನ್ನು ಪಡೆಯಿತು. ಗುಜರಾತಿನ ಸೂರತ್ತಿನಲ್ಲಿ ಕಾಂಗ್ರೆಸ್ಸಿನವನ ನಾಮಪತ್ರವು ಸೂಚಕರ ರುಜುವಿನ ಕಾರಣದಿಂದ ತಿರಸ್ಕೃತವಾಯಿತು. ಪಕ್ಷೇತರರೂ ಇತರರೂ ಒಬ್ಬೊಬ್ಬರಾಗಿ ಹಿಂದೆಗೆದರು. ಉಳಿದವನು ಒಬ್ಬನೇ ಆದುದರಿಂದ ಅವನು ಏಪ್ರಿಲ್ ೨೨ರಂದು ಅವಿರೋಧವಾಗಿ ಆಯ್ಕೆಯಾದನೆಂದು ಸಾರಲಾಯಿತು. ಲಕ್ಷಾಂತರ ಮತದಾರರಿಗೆ ಮತಗಟ್ಟೆಯ ಬಾಗಿಲೇ ತೆರೆಯಲಿಲ್ಲ. ಗುಂಡಿಯಿರುವ ಯಂತ್ರವೇ ಬಾರದಿದ್ದಾಗ ನೋಟಾದ ಹಕ್ಕು ಎಲ್ಲಿ ಉಳಿಯಿತು?

ಎರಡು ಊರುಗಳಿಗೂ ಇದ್ದ ಅಂತರವು ಬಹು ಅಲ್ಪ. ಸೂರತ್ತಿನಲ್ಲಿ ಒಬ್ಬನೇ ಒಬ್ಬ ಸಣ್ಣ ಉಮೇದುವಾರನು ಕದಲದೆ ನಿಂತಿದ್ದರೆ, ಅವನಿಗೆ ನೂರು ಮತಗಳೂ ಬಾರದೆ ಹೋಗಿದ್ದರೂ, ಕ್ಷೇತ್ರದ ಸಮಸ್ತರಿಗೂ ಮತದ ಹಕ್ಕು ಉಳಿಯುತ್ತಿದ್ದಿತು. ಗೆದ್ದವನಿಗೆ ಮತ ಕೊಡಬೇಕೆಂದಿದ್ದವರಿಗೂ ಅವನೇ ಉಪಕಾರಿಯಾಗುತ್ತಿದ್ದನು. ಆದುದರಿಂದ ಅಲ್ಪಬಲದ ಉಮೇದುವಾರನು ಚುನಾವಣೆಯೆಂಬ ಮನೆಯ ಹೊರಜಗಲಿಯಲ್ಲಿ ಕುಳಿತ ಭಿಕ್ಷುಕನೆಂದು ಭಾವಿಸುವುದು ಸಲ್ಲದು. ಕೆಲವು ಸಮಯಗಳಲ್ಲಿ ಮನೆಯು ನಿಂತಿರುವುದು ಅವನೆಂಬ ಕಂಬದ ಮೇಲೆಯೇ. ಪ್ರಸಜ್ಯಪ್ರತಿಷೇಧಕ್ಕೆ ಪ್ರಸಕ್ತಿಯು ಬೇಕು; ಪ್ರಾಪ್ತವಾಗದ ವಸ್ತುವಿಗೆ ನಿಷೇಧವಿಲ್ಲವೆಂದು ಶಾಸ್ತ್ರಕಾರರು ಹೇಳುವರು. ಸ್ಪರ್ಧೆಯೇ ಪ್ರಾಪ್ತವಾಗದಿದ್ದಲ್ಲಿ ‘ಯಾರೂ ಅಲ್ಲ’ ಎಂಬ ನಿಷೇಧಕ್ಕೂ ನೆಲೆಯಿಲ್ಲ.

ಈ ವಿಚಾರದಿಂದ ಸಿದ್ಧವಾಗುವ ಅಂಶಗಳು ಇವು. ಹಣದಿಂದ ಅಳೆಯುವ ತಡೆಯು ತನ್ನ ಉದ್ದೇಶವನ್ನು ಸಾಧಿಸಿಲ್ಲ. ಮತದಾರರ ಅನುಮೋದನೆಯಿಂದ ಅಳೆಯುವ ಕ್ರಮವು ಅದಕ್ಕಿಂತ ನ್ಯಾಯವಾದುದು. ಠೇವಣಿಯನ್ನು ಉಳಿಸಿಕೊಂಡರೂ ಆರನೆಯ ಪಾಲಿನ ನಿಯಮವನ್ನಾದರೂ ಇಳಿಸುವುದು ಯುಕ್ತ. ಮತಪತ್ರದ ಅನುಕ್ರಮವೂ ಚಿಹ್ನೆಯನ್ನು ಕೊಡುವ ಕಾಲವೂ ಸಮತೆಗೆ ಹತ್ತಿರವಾಗುವಂತೆ ತಿದ್ದಲ್ಪಡಬೇಕು. ನಿರಾಕರಿಸುವ ಮತದಾರನಿಗೆ ನೋಟಾ ಕಡೆಯ ಆಶ್ರಯವಾಗಿರಲಿ. ಕಾರಣವುಳ್ಳ ಸಣ್ಣ ಉಮೇದುವಾರನು ದೊರೆತಲ್ಲಿ ಅವನೇ ಮೊದಲ ಆಶ್ರಯ.

ಬಿಕ್ಕೋಡಿರುವ ಬೇಲೂರು ತಾಲ್ಲೂಕಿನಲ್ಲಿಯೇ ಹಲ್ಮಿಡಿಯೂ ಇದೆ. ೧೯೩೬ರಲ್ಲಿ ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದ ಅಲ್ಲಿಯ ಶಾಸನವು, ಯುದ್ಧದಲ್ಲಿ ಪರಾಕ್ರಮವನ್ನು ತೋರಿದ ವೀರನಿಗೆ ಬಾಳ್ಗಳ್ಚಾಗಿ ಗ್ರಾಮಗಳನ್ನು ಕೊಟ್ಟುದನ್ನು ಹೇಳುತ್ತದೆ. ಜಯಶಾಲಿಗೆ ಸನ್ಮಾನವು ಸಂದುದು ನ್ಯಾಯವೇ. ಆದರೆ ಅದೇ ಸೀಮೆಯ ಊರೂರುಗಳಲ್ಲಿ ನಿಂತಿರುವ ವೀರಗಲ್ಲುಗಳು, ತುರುಗಳನ್ನು ಹಗೆಗಳಿಂದ ಬಿಡಿಸಲು ಹೋಗಿ ಮಡಿದವರ ಹೆಸರನ್ನು ಕಾಪಾಡಿಕೊಂಡು ಬಂದಿವೆ. ಊರವರು ಆ ಕಲ್ಲುಗಳನ್ನು ನಿಲ್ಲಿಸುವಾಗ ಸತ್ತವನಿಗೆ ಎಷ್ಟು ಮಂದಿ ಜೊತೆಗಿದ್ದರೆಂದು ಎಣಿಸಲಿಲ್ಲ. ಯಾವುದಕ್ಕಾಗಿ ಅವನು ಅಡ್ಡನಿಂತನೆಂಬುದನ್ನು ಬರೆಯಿಸಿದರು. ಚುನಾವಣಾ ಆಯೋಗದ ಪಟ್ಟಿಗಳಲ್ಲಿ ಠೇವಣಿ ಕಳೆದುಕೊಂಡವರ ಸಾಲುಗಳನ್ನು ಓದುವವರು ಆ ಬರಹದ ರೀತಿಯನ್ನು ನೆನೆಯುವುದು ಒಳ್ಳೆಯದು.